ಗುಡಿಬಂಡೆ: ಬೆಳಿಗ್ಗೆ ಕೋಟೆ, ಸಂಜೆ ಕೆರೆ

ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯಲ್ಲಿ ಬಂಡೆಯ ಮೇಲೊಂದು ಕೋಟೆಯಿದೆ, ಬುಡದಲ್ಲೊಂದು ದೊಡ್ಡ ಕೆರೆಯಿದೆ. ಎರಡನ್ನೂ ಕಟ್ಟಿಸಿದವನು 17ನೇ ಶತಮಾನದ ಪಾಳೇಗಾರ ಬೈರೇಗೌಡ. ಕೆರೆಗೆ ಅವನದೇ ಹೆಸರು, ಅಮಾನಿ ಬೈರಸಾಗರ. ಹೆಚ್ಚಿನವರು ಬಿಸಿಲೇರಿದ ಮೇಲೆ ಬಂದು, ಏದುಸಿರು ಬಿಡುತ್ತ ಕೋಟೆ ಹತ್ತಿ, ಮೇಲಿಂದ ಕೆರೆಯದೊಂದು ಫೋಟೊ ತೆಗೆದು ಹಿಂದಿರುಗುತ್ತಾರೆ. ಹಾಗೆ ಹೋದರೆ ಅರ್ಧ ನೋಡಿದ ಹಾಗೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಬಿದ್ದ ಮಳೆಯನ್ನು ಬಂಡೆಯ ಮೇಲೂ ಹಿಡಿದು ಬುಡದಲ್ಲೂ ಹಿಡಿದ ಊರು ಇದು. ಅದನ್ನು ಸರಿಯಾಗಿ ನೋಡಲು ಒಂದು ಪೂರ್ತಿ ಹಗಲು ಬೇಕು. ಬೆಳಿಗ್ಗೆ ಕೋಟೆ, ಸಂಜೆ ಕೆರೆ. ಈ ಕ್ರಮವನ್ನು ತಿರುಗುಮುರುಗು ಮಾಡಬೇಡಿ.

ಯಾವಾಗ ಹೋಗಬೇಕು

ಈ ಭಾಗದಲ್ಲಿ ಜೋರು ಮಳೆಯೆಂದರೆ ಸೆಪ್ಟೆಂಬರ್, ಅಕ್ಟೋಬರ್. ಮುಂಗಾರಿನ ಜೂನ್, ಜುಲೈನಲ್ಲಿ ಮಲೆನಾಡು ತೊಯ್ಯುತ್ತಿದ್ದರೆ ಇಲ್ಲಿ ಮೋಡ ಸುಮ್ಮನೆ ಹಾದುಹೋಗುತ್ತದೆ. ಆದ್ದರಿಂದ ಕೆರೆಯಲ್ಲಿ ನೀರು, ಬಂಡೆಯ ದೊಣೆಗಳಲ್ಲಿ (ಕಲ್ಲಿನ ತಗ್ಗಿನಲ್ಲಿ ಮಳೆನೀರು ನಿಲ್ಲುವ ಕೊಳಗಳಲ್ಲಿ) ನೀರು, ಗಾಳಿಯಲ್ಲಿ ತಂಪು ಮೂರೂ ಒಟ್ಟಿಗೆ ಸಿಗುವುದು ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ. ಎಲ್ಲಾ ವರ್ಷವೂ ಕೆರೆ ತುಂಬುತ್ತದೆ ಎಂದು ನಂಬಬೇಡಿ. 2021ರ ಅಕ್ಟೋಬರ್, ನವೆಂಬರ್ ಮಳೆಗೆ ಜಿಲ್ಲೆಯ ಹಲವು ಕೆರೆಗಳು ಕೋಡಿ ಹರಿದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅವೇ ಕೆರೆಗಳ ಅಂಗಳದಲ್ಲಿ ದನ ಮೇಯುತ್ತವೆ. ಕೆರೆಗಾಗಿಯೇ ಹೋಗುವವರು ಗುಡಿಬಂಡೆ ಅಥವಾ ಬಾಗೇಪಲ್ಲಿ ಕಡೆಯ ಪರಿಚಯದವರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಇಂಟರ್ನೆಟ್ಟಿನ ಫೋಟೊ ಯಾವ ವರ್ಷದ್ದೋ ಆಗಿರುತ್ತದೆ.

ಮಾರ್ಚ್‌ನಿಂದ ಮೇವರೆಗೆ ಬೆಟ್ಟದ ಆಸೆ ಬಿಡಿ. ಹೋಗಲೇಬೇಕೆಂದರೆ ಬೆಳಕು ಹರಿಯುವಷ್ಟರಲ್ಲಿ ಹತ್ತಿ ಒಂಬತ್ತಕ್ಕೆಲ್ಲ ಇಳಿದಿರಬೇಕು. ಕರಿಕಲ್ಲಿನ ಬಂಡೆ ಬೆಳಗಿನಿಂದ ಬಿಸಿಲು ಕುಡಿದು ಮಧ್ಯಾಹ್ನಕ್ಕೆ ಕೆಳಗಿಂದಲೂ ಸುಡುತ್ತದೆ. ತಲೆಗೆ ಟೋಪಿ ಹಾಕಿದರೂ ಕಾಲಿನಿಂದ ಬರುವ ಕಾವನ್ನು ತಡೆಯಲಾಗದು.

ತಲುಪುವ ದಾರಿ

ಬೆಂಗಳೂರಿನಿಂದ ಸುಮಾರು 95 ಕಿ.ಮೀ. ಹೈದರಾಬಾದಿನ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸಾದಹಳ್ಳಿ ಟೋಲ್, ದೇವನಹಳ್ಳಿ, ಚಿಕ್ಕಬಳ್ಳಾಪುರ ದಾಟಿ ಪೇರೇಸಂದ್ರ ಬಂದಾಗ ಎಡಕ್ಕೆ ತಿರುಗಬೇಕು. ಅಲ್ಲಿಂದ ಗುಡಿಬಂಡೆಗೆ ಹದಿಮೂರು ಹದಿನಾಲ್ಕು ಕಿ.ಮೀ. ಪೇರೇಸಂದ್ರ ಹತ್ತಿರವಾದಂತೆ ವೇಗ ತಗ್ಗಿಸಿ ಎಡ ಬದಿ ಹಿಡಿಯಿರಿ. ತಿರುವು ತಪ್ಪಿದರೆ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಬರುವ ಸಾಹಸ ಬೇಡ, ನೇರ ಬಾಗೇಪಲ್ಲಿಗೆ ಹೋಗಿ ಅಲ್ಲಿಂದ ಗುಡಿಬಂಡೆ ರಸ್ತೆ ಹಿಡಿಯಿರಿ. ಸ್ವಲ್ಪ ಸುತ್ತಾದರೂ ದಾರಿ ಚೆನ್ನಾಗಿ ಸಿಗುತ್ತದೆ.

ತುಮಕೂರಿನವರು ಕೊರಟಗೆರೆ, ಗೌರಿಬಿದನೂರು ಮೂಲಕ ಬರಬಹುದು. ಬೆಂಗಳೂರಿನ ಗೋಜಿಗೆ ಹೋಗುವ ಅಗತ್ಯವಿಲ್ಲ. ಕೋಲಾರದವರಿಗೆ ಚಿಂತಾಮಣಿ, ಚಿಕ್ಕಬಳ್ಳಾಪುರ, ಪೇರೇಸಂದ್ರ ದಾರಿ ಸಲೀಸು. ರೈಲಿನಲ್ಲಿ ಬರುವವರು ಚಿಕ್ಕಬಳ್ಳಾಪುರದಲ್ಲೋ ಗೌರಿಬಿದನೂರಿನಲ್ಲೋ ಇಳಿದು ಬಸ್ ಹಿಡಿಯಬೇಕು. ಗುಡಿಬಂಡೆಯಲ್ಲಿ ರೈಲು ನಿಲ್ದಾಣವಿಲ್ಲ.

ಬಸ್ಸಿನವರಿಗೆ ಸುಲಭದ ಉಪಾಯವೆಂದರೆ ನೇರ ಗುಡಿಬಂಡೆ ಬಸ್ಸಿಗಾಗಿ ಕಾಯುತ್ತ ಕೂರದೆ ಬಾಗೇಪಲ್ಲಿ ಬಸ್ ಹತ್ತಿ ಪೇರೇಸಂದ್ರದಲ್ಲಿ ಇಳಿಯುವುದು. ಅಲ್ಲಿಂದ ಗುಡಿಬಂಡೆ ಕಡೆ ಹೋಗುವ ಬಸ್ಸೋ ಆಟೋವೋ ಸಿಗುತ್ತದೆ. ಹತ್ತುವ ಮುಂಚೆಯೇ ಕಂಡಕ್ಟರನ್ನು ಪೇರೇಸಂದ್ರದಲ್ಲಿ ನಿಲ್ಲಿಸುತ್ತೀರಾ ಎಂದು ಕೇಳಿ. ದೂರದ ಊರಿನ ಬಸ್ಸುಗಳು ಎಲ್ಲ ಕಡೆ ನಿಲ್ಲುವುದಿಲ್ಲ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ಇದೇ ಹೆದ್ದಾರಿಯಲ್ಲಿ ಅನಂತಪುರ, ಕದಿರಿ ಕಡೆಗೆ ಹೋಗುವ ಅಂತರರಾಜ್ಯ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ಹೆಂಗಸರೂ ಟಿಕೆಟ್ ತೆಗೆದುಕೊಳ್ಳಬೇಕು. ಗುಡಿಬಂಡೆಯಲ್ಲಿ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ವಾಪಸ್ಸಿನ ಕೊನೆಯ ಬಸ್ ಎಷ್ಟು ಗಂಟೆಗೆ ಎಂದು ನಿಲ್ದಾಣದಲ್ಲೇ ಕೇಳಿಕೊಳ್ಳುವುದು. ಸಂಜೆ ಕೆರೆಯ ಬಳಿ ಎಷ್ಟು ಹೊತ್ತು ಇರಬಹುದು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ಶನಿವಾರ, ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೂ ಚಿಕ್ಕಬಳ್ಳಾಪುರದ ಆದಿಯೋಗಿ ಪ್ರತಿಮೆಗೂ ಹೋಗುವ ವಾಹನಗಳಿಂದ ಹೆದ್ದಾರಿ ತುಂಬಿರುತ್ತದೆ. ಭಾನುವಾರ ಸಂಜೆ ಬೆಂಗಳೂರಿಗೆ ಹಿಂದಿರುಗುವಾಗಲಂತೂ ದೇವನಹಳ್ಳಿಯಿಂದಾಚೆ ತೆವಳಬೇಕಾಗುತ್ತದೆ. ರಜೆ ಹಾಕಲು ಸಾಧ್ಯವಿದ್ದರೆ ವಾರದ ನಡುವೆ ಬನ್ನಿ. ಚಳಿಗಾಲದಲ್ಲಿ ದೇವನಹಳ್ಳಿ, ನಂದಿ ಸುತ್ತ ಮಂಜು ಕವಿಯುವುದರಿಂದ ಐದು ಗಂಟೆಗೆ ಹೊರಟವರು ಬೆಳಕಾಗುವವರೆಗೆ ಎಚ್ಚರದಿಂದ ಓಡಿಸಬೇಕು.

ಇನ್ನೊಂದು ವಿಷಯವನ್ನು ಬೈಕಿನವರು ಮರೆಯಬಾರದು. ಪೇರೇಸಂದ್ರದಿಂದ ಒಳಗಿನ ರಸ್ತೆಗಳಲ್ಲಿ ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿ, ಅವರೆಯನ್ನು ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಒಣಗಿದ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ದೂರದಿಂದಲೇ ವೇಗ ಇಳಿಸಿ, ಹುಲ್ಲಿನ ಮೇಲೆ ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಿ. ಕಾರಿಗೆ ಇನ್ನೊಂದು ಅಪಾಯವಿದೆ. ಹುರುಳಿ ಬಳ್ಳಿ ಕೆಳಗಡೆ ತಿರುಗುವ ಭಾಗಗಳಿಗೆ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರಿಗೆ ತಗುಲಿ ಹೊತ್ತಿಕೊಳ್ಳಬಹುದು. ದಪ್ಪಗೆ ಹರಡಿದ ಕಡೆ ಹಾಯ್ದು ಬಂದಿದ್ದರೆ ಮುಂದೆ ನಿಲ್ಲಿಸಿ ಬಗ್ಗಿ ನೋಡಿ, ಸಿಕ್ಕಿಕೊಂಡ ಬಳ್ಳಿಯನ್ನು ಕಿತ್ತುಹಾಕಿ.

ಕೋಟೆ ಹತ್ತುವುದು

ಹತ್ತಲು ಶುರುಮಾಡುವ ಹೊತ್ತು ಬೆಳಿಗ್ಗೆ ಏಳು, ತಡವೆಂದರೆ ಏಳೂವರೆ. ಅಷ್ಟರಲ್ಲಿ ಬಸ್ ನಿಲ್ದಾಣದ ಸುತ್ತಲಿನ ಹೋಟೆಲಿನಲ್ಲಿ ಇಡ್ಲಿ, ಚಿತ್ರಾನ್ನ ಏನಾದರೂ ತಿಂದಿರಿ. ಹೊಟ್ಟೆ ಬಿರಿಯುವಷ್ಟು ಬೇಡ. ಶೌಚಾಲಯದ ಕೆಲಸ ಕೆಳಗೇ ಮುಗಿಸಿ. ಮೇಲೆ ಅಂಗಡಿಯೂ ಇಲ್ಲ, ಕುಡಿಯುವ ನೀರೂ ಇಲ್ಲ.

ತಲೆಗೆ ಎರಡು ಲೀಟರ್ ನೀರು ಬೇಕು. ಇಬ್ಬರಿಗೆ ಒಂದು ಬಾಟಲಿ ಸಾಕೆಂದುಕೊಂಡವರು ಅರ್ಧ ದಾರಿಯಲ್ಲೇ ಇಳಿಯುತ್ತಾರೆ. ಜೊತೆಗೆ ಒಂದಿಷ್ಟು ಕಡ್ಲೇಕಾಯಿ, ಬೆಲ್ಲ, ಚಿಟಿಕೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ ಇದ್ದರೆ ಬಿಸಿಲಿಗೆ ತಲೆ ತಿರುಗುವುದು ತಪ್ಪುತ್ತದೆ. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದುಕೊಳ್ಳಬೇಡಿ, ಕೋತಿಗೆ ಕವರಿನ ಸದ್ದೇ ಕರೆಯೋಲೆ. ಬೆನ್ನಿನ ಚೀಲದೊಳಗೆ ಇರಲಿ. ಪಾದರಕ್ಷೆ ಯಾವುದೆಂಬುದು ಎಲ್ಲಕ್ಕಿಂತ ಮುಖ್ಯ. ಅಡಿ ಸವೆಯದ ರಬ್ಬರ್ ಶೂ ಬೇಕು. ಚರ್ಮದ ಚಪ್ಪಲಿ, ಹವಾಯಿ, ಸವೆದ ಸ್ಪೋರ್ಟ್ಸ್ ಶೂ ಹತ್ತುವಾಗ ನಡೆದೀತು, ಇಳಿಯುವಾಗ ಕೈಕೊಡುತ್ತದೆ.

ಊರಿನೊಳಗಿಂದ ಬೆಟ್ಟದ ಬುಡಕ್ಕೆ ಹೋಗುವ ದಾರಿಯನ್ನು ಯಾರನ್ನು ಕೇಳಿದರೂ ತೋರಿಸುತ್ತಾರೆ. ಇಲ್ಲಿ ಮನೆಮಾತು ಹೆಚ್ಚಾಗಿ ತೆಲುಗು, ಆದರೆ ಕನ್ನಡ ಎಲ್ಲರಿಗೂ ಬರುತ್ತದೆ. ಹಿರಿಯರಾದರೆ ತಾತ, ಅಜ್ಜಿ, ನಡುವಯಸ್ಸಿನವರಾದರೆ ಅಣ್ಣ, ಅಕ್ಕ ಎಂದು ಮಾತಾಡಿಸಿ ಕೇಳಿ. ದಾರಿಯ ಜೊತೆಗೆ ಮೇಲೆ ಹೆಜ್ಜೇನು ಕಟ್ಟಿದೆಯಾ ಎಂಬುದನ್ನೂ ಕೇಳಬಹುದು. ಅದು ಬಹಳ ಉಪಯೋಗದ ಮಾಹಿತಿ.

ಕೋಟೆಗೆ ಏಳು ಸುತ್ತು. ಮಧುಗಿರಿಯ ಕೋಟೆ ನೋಡಿದವರಿಗೆ ಅದರದೇ ಚಿಕ್ಕ ರೂಪದಂತೆ ಕಾಣುತ್ತದೆ. ಮೆಟ್ಟಿಲು ಕೆಲವೆಡೆ ಜೋಡಿಸಿದವು, ಕೆಲವೆಡೆ ಬಂಡೆಯಲ್ಲೇ ಕಡಿದವು. ಎತ್ತರ ಒಂದೇ ಸಮನಾಗಿಲ್ಲದ ಕಾರಣ ಕಾಲಿಗೆ ಲಯ ಸಿಗುವುದಿಲ್ಲ, ಹಾಗಾಗಿ ಬೇಗ ದಣಿವಾಗುತ್ತದೆ. ಪ್ರತಿ ಸುತ್ತಿನ ಬಾಗಿಲಿಗೆ ಬಂದಾಗಲೂ ಎರಡು ನಿಮಿಷ ನಿಂತು ಹೋದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ತುದಿ ತಲುಪಬಹುದು. ಓಡಿಕೊಂಡು ಹತ್ತಿದವರಿಗೆ ಬಾಗಿಲುಗಳೇ ಕಾಣುವುದಿಲ್ಲ. ಪ್ರತಿ ಬಾಗಿಲಿನಲ್ಲೂ ದಾರಿ ಹೇಗೆ ಕಿರಿದಾಗುತ್ತದೆ, ಹೇಗೆ ತಿರುಗುತ್ತದೆ ಗಮನಿಸಿ. ಮೇಲೆ ನಿಂತ ಕೆಲವೇ ಜನ ಕೆಳಗಿಂದ ನುಗ್ಗುವ ದಂಡನ್ನು ತಡೆಯಬೇಕೆಂದರೆ ದಾರಿಯಲ್ಲಿ ಒಬ್ಬೊಬ್ಬರೇ ಬರುವಂತಿರಬೇಕು. ಬಗ್ಗಿ ಸಾಗಬೇಕಾದ ಕಡೆ ತಲೆ ತಗುಲದಂತೆ ನೋಡಿಕೊಳ್ಳಿ, ಕತ್ತಲಿರುವ ಸಂದಿಗೆ ಕೈ ಹಾಕುವ ಮುಂಚೆ ಟಾರ್ಚ್ ಬಿಡಿ. ಹಾವು, ಚೇಳು ಬಂಡೆಯ ಸಂದಿಯಲ್ಲೇ ಇರುವುದು.

ದೊಣೆಗಳು

ಕೋಟೆಯಲ್ಲಿ ನಿಜವಾಗಿ ನಿಂತು ನೋಡಬೇಕಾದದ್ದು ಗೋಡೆಗಳಿಗಿಂತ ದೊಣೆಗಳನ್ನು. ಬೆಟ್ಟದ ಮೇಲೆ ಇಂಥ 19 ಕೊಳಗಳಿವೆ. ಬಂಡೆಗೆ ಬಿದ್ದ ಮಳೆ ಮಣ್ಣಿಗಿಳಿಯುವುದಿಲ್ಲ, ಬಿದ್ದಷ್ಟೂ ಹರಿಯುತ್ತದೆ. ಅದನ್ನು ಬಂಡೆಯ ತಗ್ಗುಗಳಲ್ಲಿ ನಿಲ್ಲಿಸಿ, ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹೋಗುವಂತೆ ಒಂದಕ್ಕೊಂದು ಸಂಬಂಧ ಕಲ್ಪಿಸಿದ್ದಾರೆ. ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಒಳಗಿನವರಿಗೆ ನೀರಿನ ತಾಪತ್ರಯ ಬರಬಾರದೆಂಬುದು ಇದರ ಉದ್ದೇಶ. ಒಂದು ದೊಣೆಯ ಬಳಿ ನಿಂತಾಗ ನೀರು ಎಲ್ಲಿಂದ ಬರುತ್ತದೆ, ತುಂಬಿದರೆ ಯಾವ ಅಂಚಿನಿಂದ ಹೊರಗೆ ಹೋಗುತ್ತದೆ, ಅಲ್ಲಿಂದ ಮುಂದಿನ ದೊಣೆ ಎಲ್ಲಿ, ಈ ಮೂರನ್ನು ಹುಡುಕಿ. ಎರಡು ಮೂರು ದೊಣೆ ಹೀಗೆ ನೋಡಿದ ಮೇಲೆ ಬಂಡೆಯ ಇಳಿಜಾರು ನಿಮಗೇ ಅರ್ಥವಾಗತೊಡಗುತ್ತದೆ. ಮಳೆ ಬಿದ್ದ ಮಾರನೆಯ ದಿನ ಹೋದವರಿಗೆ ಹರಿದ ಗುರುತು ಕಣ್ಣೆದುರೇ ಇರುತ್ತದೆ. ಇಲ್ಲದಿದ್ದರೆ ಬಂಡೆಯ ಮೇಲಿನ ಕಪ್ಪು ಪಟ್ಟಿಗಳನ್ನು ನೋಡಿ. ವರ್ಷಾನುವರ್ಷ ನೀರು ಹರಿದ ಜಾಗ ಅದು.

ಆ ಕಪ್ಪು ಪಟ್ಟಿಯ ಮೇಲೆ ಮಾತ್ರ ಕಾಲಿಡಬೇಡಿ. ಒಣಗಿದಾಗ ಒರಟಾಗಿರುವ ಅದೇ ಪಾಚಿ ನಾಲ್ಕು ಹನಿ ಬಿದ್ದರೆ ಎಣ್ಣೆ ಸುರಿದಂತಾಗುತ್ತದೆ. ದೊಣೆಯ ಅಂಚೂ ಹಾಗೆಯೇ. ಅಂಚು ಒಳಮುಖವಾಗಿ ಇಳಿಜಾರಿದ್ದು, ಬಿದ್ದವರಿಗೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ನೀರು ಹಸಿರಾಗಿರುವುದರಿಂದ ಆಳವೂ ಗೊತ್ತಾಗುವುದಿಲ್ಲ. ಮಕ್ಕಳ ಕೈ ಹಿಡಿದಿರಿ. ಈಜಲು, ಕಾಲು ತೊಳೆಯಲು ಯಾವ ದೊಣೆಗೂ ಇಳಿಯಬೇಡಿ.

ತುದಿಯಲ್ಲಿ ಶಿವನ ಗುಡಿಯಿದೆ. ಅಲ್ಲಿಂದ ಸುತ್ತಲ ಬಯಲು, ಬೋಳು ಗುಡ್ಡಗಳು, ಸಾಲುಸಾಲು ಕೆರೆಗಳು ಕಾಣುತ್ತವೆ. ಬೈರಸಾಗರ ಭಾರತದ ನಕ್ಷೆಯಂತೆ ಕಾಣುತ್ತದೆ ಎನ್ನುವುದು ಈ ಮೇಲಿನ ನೋಟದಿಂದಲೇ ಹುಟ್ಟಿದ ಮಾತು. ಅದನ್ನೇ ನಂಬಿ ಬಂದು ನಕ್ಷೆ ಕಾಣಲಿಲ್ಲವೆಂದು ಬೇಸರಪಡುವವರು ತುಂಬ. ಕಾರಣ ಸರಳವಾಗಿದೆ. ಕೆರೆಯ ಒಂದು ಬದಿಗೆ ಇರುವುದು ಏರಿ, ಅಂದರೆ ಮಣ್ಣಿನ ಕಟ್ಟೆ, ಅದು ಬದಲಾಗುವುದಿಲ್ಲ. ಉಳಿದ ಬದಿಗಳಲ್ಲಿ ನೀರಿನ ಅಂಚು ನೆಲದ ಏರಿಳಿತದ ಮೇಲೆ ಹೋಗುತ್ತದೆ. ಅಂಗಳ ಬಹಳ ಚಪ್ಪಟೆಯಾಗಿರುವುದರಿಂದ ನೀರು ಒಂದಡಿ ಇಳಿದರೂ ಅಂಚು ಎಷ್ಟೋ ದೂರ ಒಳಗೆ ಸರಿಯುತ್ತದೆ, ಆಕಾರವೇ ಬೇರೆಯಾಗುತ್ತದೆ. ನೀರು ಚೆನ್ನಾಗಿದ್ದಾಗ ತುದಿಯಲ್ಲಿ ಒಂದೇ ಕಡೆ ನಿಲ್ಲದೆ ಹತ್ತಿಪ್ಪತ್ತು ಹೆಜ್ಜೆ ಆಚೀಚೆ ಸರಿದು ನೋಡಿ. ಫೋಟೊಗೆ ಬೆಳಗಿನ ಎಂಟರಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ಆಮೇಲೆ ದೂಳಿನ ಮಬ್ಬು ಕವಿದು ನೀರಿಗೂ ನೆಲಕ್ಕೂ ವ್ಯತ್ಯಾಸ ಕಡಿಮೆಯಾಗುತ್ತದೆ.

ಮೂರು ಸಂದರ್ಭಗಳಲ್ಲಿ ಅರ್ಧಕ್ಕೇ ಇಳಿಯಬೇಕು, ಇದರಲ್ಲಿ ರಾಜಿ ಬೇಡ. ಮೊದಲನೆಯದು ಗುಡುಗು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಆ ಕ್ಷಣವೇ ಇಳಿಯಿರಿ. ಬೋಳು ಬಂಡೆಯ ಮೇಲೆ ನಿಂತ ಮನುಷ್ಯನೇ ಎತ್ತರದ ವಸ್ತು. ಒಂಟಿ ಮರದ ಕೆಳಗೆ, ದೊಣೆಯ ಪಕ್ಕ ನಿಲ್ಲಬೇಡಿ. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ಮಧ್ಯಾಹ್ನಗಳಲ್ಲಿ ಈ ಅಪಾಯ ಹೆಚ್ಚು. ಎರಡನೆಯದು ಮಳೆ. ಹನಿ ಶುರುವಾದರೆ ಜಾರಿಕೆ ಹೆಚ್ಚುವ ಮುಂಚೆ ಮೆಟ್ಟಿಲಿರುವ ಜಾಗಕ್ಕೆ ಬಂದುಬಿಡಿ. ಮೂರನೆಯದು ಹೆಜ್ಜೇನು. ಹೊಗೆ, ಕೂಗಾಟ, ಕಲ್ಲೆಸೆತದಿಂದ ಅದು ಏಳುತ್ತದೆ. ಎದ್ದರೆ ಕೈ ಬೀಸುತ್ತ ನಿಲ್ಲದೆ, ಮುಖ ಮುಚ್ಚಿಕೊಂಡು ದೂರ ಸರಿಯಿರಿ. ಕಚ್ಚಿದ ಜಾಗದಿಂದ ಮುಳ್ಳನ್ನು ಉಗುರಿನಿಂದಾದರೂ ಸರಿ ತಡಮಾಡದೆ ತೆಗೆಯಿರಿ. ಹೆಚ್ಚು ಕಚ್ಚಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಊರಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಇಳಿಯುವಾಗ ಅವಸರ ಬೇಡ. ಕಡಿದಾದ ಬಂಡೆಯಲ್ಲಿ ನೇರ ಇಳಿಯದೆ ಅಡ್ಡಡ್ಡ ಹೆಜ್ಜೆಯಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಪೂರ್ತಿ ಪಾದ ಊರಿ. ಹಿಮ್ಮಡಿ ಮೊದಲು ಊರಿದರೆ ಜಾರುತ್ತದೆ. ಹೆದರಿಕೆಯಾದ ಕಡೆ ಕುಳಿತು ಜರುಗುವುದರಲ್ಲಿ ಯಾವ ಅವಮಾನವೂ ಇಲ್ಲ. ಸ್ಥಳೀಯ ಹುಡುಗರು ಓಡಿ ಇಳಿಯುತ್ತಾರೆಂದು ಹಿಂದೆ ಓಡಬೇಡಿ.

ನಡುಹಗಲು

ಹತ್ತು ಹತ್ತೂವರೆಗೆ ಕೆಳಗಿದ್ದರೆ ಬಿಸಿಲಿನ ಹೊತ್ತನ್ನು ನೆರಳಿನಲ್ಲಿ ಕಳೆಯಬಹುದು. ಹತ್ತಿರದ ಎಲ್ಲೋಡಿನಲ್ಲಿ ಆದಿನಾರಾಯಣಸ್ವಾಮಿಯ ಬೆಟ್ಟವಿದೆ. ಸ್ವಂತ ವಾಹನವಿದ್ದರೆ ಹೋಗಿಬರಬಹುದು, ಆದರೆ ಒಂದೇ ದಿನ ಎರಡನೇ ಬೆಟ್ಟ ಹತ್ತಲು ಕಾಲು ಒಪ್ಪಬೇಕು. ಊಟಕ್ಕೆ ಮುದ್ದೆ ಸಿಗುವ ಹೋಟೆಲ್ ಹುಡುಕಿ. ಡಿಸೆಂಬರ್, ಜನವರಿಯಲ್ಲಿ ಬಂದವರು ಅವರೆಕಾಳು ಸಾರು, ಹಿತಕಿದ ಬೇಳೆ ಇದೆಯಾ ಎಂದು ಕೇಳದೆ ಹೋಗಬಾರದು. ಈ ಸೀಮೆಯ ಅವರೆಯ ಸೊಗಡು ಬೇರೆ ಕಡೆ ಸಿಗದು. ಚಿಲ್ಲರೆ ನೋಟುಗಳು ಜೇಬಿನಲ್ಲಿರಲಿ, ನೆಟ್‌ವರ್ಕ್ ಕೈಕೊಟ್ಟಾಗ ಫೋನ್‌ಪೇ ನಡೆಯುವುದಿಲ್ಲ.

ಕೆರೆ

ನಾಲ್ಕು ಗಂಟೆಗೆ ಏರಿಯ ಕಡೆ ಹೋಗಿ. ಏರಿಯ ಮೇಲೆ ನಡೆಯುವಾಗ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ತಗ್ಗಿನಲ್ಲಿ ಅಚ್ಚುಕಟ್ಟಿನ ಗದ್ದೆ, ತೋಟ. ಈ ಎರಡರ ಎತ್ತರದ ವ್ಯತ್ಯಾಸವನ್ನು ನೋಡಿದರೆ ಏರಿ ಎಷ್ಟು ಭಾರ ತಡೆದು ನಿಂತಿದೆ ಎಂದು ತಿಳಿಯುತ್ತದೆ. ಹಳೆಯ ಕೆರೆಗಳನ್ನು ನೋಡುವವರು ತೂಬು ಎಲ್ಲಿ, ಕೋಡಿ ಎಲ್ಲಿ ಎಂದು ಹುಡುಕಬೇಕು. ತೂಬು ಬೇಕಾದಾಗ ಬೇಕಾದಷ್ಟು ನೀರು ಬಿಡುವ ಬಾಗಿಲು. ಕೋಡಿ ಹೆಚ್ಚಾದದ್ದು ತಾನಾಗಿ ಹೊರಗೆ ಹೋಗುವ ದಾರಿ. ಕೋಡಿಯನ್ನು ಏರಿಗಿಂತ ಕೆಳಗಿನ ಮಟ್ಟದಲ್ಲಿ ಇಡುತ್ತಾರೆ, ಯಾಕೆಂದರೆ ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಒಂದೇ ರಾತ್ರಿಯಲ್ಲಿ ಕೊರೆದುಹೋಗುತ್ತದೆ. ಮೇಲೆ ದೊಣೆಯಿಂದ ದೊಣೆಗೆ ನೀರು ಹೋದಂತೆಯೇ ಬಯಲಿನಲ್ಲಿ ಒಂದು ಕೆರೆಯ ಕೋಡಿ ಕೆಳಗಿನ ಕೆರೆಗೆ ಹೋಗುತ್ತದೆ. ಬೆಳಿಗ್ಗೆ ತುದಿಯಿಂದ ಕಂಡ ಸಾಲುಕೆರೆಗಳ ಲೆಕ್ಕ ಇದೇ. ಬೆಟ್ಟವನ್ನು ಮೊದಲು ಹತ್ತಿ ಅಂದದ್ದು ಇದಕ್ಕಾಗಿಯೂ ಹೌದು.

ಹಕ್ಕಿ ನೋಡುವವರು ನವೆಂಬರಿನಿಂದ ಫೆಬ್ರವರಿವರೆಗೆ ದುರ್ಬೀನು ತರಲಿ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ನಾಮದ ಕೋಳಿ ಈ ಬಯಲುಸೀಮೆಯ ಕೆರೆಗಳ ನಿತ್ಯದ ಅತಿಥಿಗಳು. ಆಳದ ನೀರಿನಲ್ಲಿ ಹುಡುಕುವುದಕ್ಕಿಂತ ಅಂಗಳದ ಕಡೆಯ ತೆಳು ನೀರಿನಲ್ಲಿ, ಜೊಂಡಿನ ಅಂಚಿನಲ್ಲಿ ನೋಡಿ. ಬಣ್ಣದ ಕೊಕ್ಕರೆಯನ್ನು ಗೂಡಿನಲ್ಲೇ ನೋಡುವ ಆಸೆಯಿದ್ದವರು ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಕಗ್ಗಲಡಿಗೆ ಬೇರೆ ದಿನ ಹೋಗಬೇಕು. ಅಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಅವು ಗೂಡು ಕಟ್ಟುತ್ತವೆ.

ನೀರಿಗೆ ಇಳಿಯಬೇಡಿ. ಈಜು ಬಲ್ಲವರಿಗೂ ಇದೇ ಮಾತು. ಕೆರೆ ಮೇಲ್ನೋಟಕ್ಕೆ ಶಾಂತವಾಗಿರುತ್ತದೆ, ತಳ ಹಾಗಿರುವುದಿಲ್ಲ. ಬೇಸಿಗೆಯಲ್ಲಿ ಗದ್ದೆಗೂ ಇಟ್ಟಿಗೆಗೂ ಮಣ್ಣು ತೆಗೆದ ಗುಂಡಿಗಳು ಮಳೆಗಾಲದಲ್ಲಿ ನೀರಿನಡಿ ಮುಚ್ಚಿಹೋಗುತ್ತವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರ ಮುಂದಿನ ಹೆಜ್ಜೆ ಆಳಿನ ಆಳಕ್ಕೆ ಹೋಗಬಹುದು. ತಳದ ಗೋಡು ಮಣ್ಣಿನಲ್ಲಿ ಕಾಲು ಹೂತರೆ ಎಳೆದಷ್ಟೂ ಇನ್ನಷ್ಟು ಇಳಿಯುತ್ತದೆ. ತೂಬು ತೆರೆದಿದ್ದರೆ ಅದರ ಬಳಿ ಸೆಳೆತ ಇರುತ್ತದೆ, ಮೇಲಿಂದ ಅದು ಕಾಣುವುದಿಲ್ಲ. ಕೋಡಿ ಹರಿಯುವಾಗ ಅದರ ಕಲ್ಲಿನ ಮೇಲೆ ನಿಂತು ಸೆಲ್ಫಿ ತೆಗೆಯುವುದಂತೂ ಪಾದದಡಿಯ ಪಾಚಿಗೆ ಪ್ರಾಣ ಒಪ್ಪಿಸಿದಂತೆ. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬೇಡಿ. ಸೀರೆ, ಪಂಚೆ, ಬಿದಿರು, ಖಾಲಿ ಕ್ಯಾನ್ ಏನಾದರೂ ಎಸೆದು ಎಳೆಯಿರಿ, 112ಕ್ಕೆ ಕರೆ ಮಾಡಿ.

ಇಂಥ ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ, ಗಾಳ ಹಾಕುವ ಮುಂಚೆ ಕೇಳಬೇಕು. ಏರಿಯ ಮೇಲೆ ಗಾಡಿ ಅಡ್ಡ ನಿಲ್ಲಿಸಬೇಡಿ. ಸಂಜೆ ಹೊತ್ತು ದನ, ಕುರಿ ಮಂದೆ, ಹುಲ್ಲಿನ ಹೊರೆ ಹೊತ್ತವರು ಹಿಂದಿರುಗುವ ದಾರಿ ಅದು. ಬಾಟಲಿ ಒಡೆಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಆ ಗಾಜು ಬರಿಗಾಲಲ್ಲಿ ನಾಟಿ ಮಾಡುವ ಹೆಂಗಸರ ಪಾದಕ್ಕೆ ಸೇರುತ್ತದೆ.

ಹತ್ತಲಾಗದವರು ಜೊತೆಗಿದ್ದರೆ

ಮಂಡಿನೋವಿನವರು, ರಕ್ತದೊತ್ತಡ ಹೆಚ್ಚಿರುವವರು, ಪುಟ್ಟ ಮಕ್ಕಳನ್ನು ಎತ್ತಿಕೊಂಡವರು ಏಳು ಸುತ್ತನ್ನೂ ಹತ್ತಬೇಕೆಂದಿಲ್ಲ. ಕೆಳಗಿನ ಒಂದೆರಡು ಬಾಗಿಲುಗಳವರೆಗೆ ಹೋಗಿ ನೆರಳಿನಲ್ಲಿ ಕೂರಬಹುದು, ಊರಿನ ಸಾಕಷ್ಟು ನೋಟ ಅಲ್ಲಿಂದಲೂ ಸಿಗುತ್ತದೆ. ಗುಂಪಿನಲ್ಲಿ ಒಬ್ಬರು ಅವರ ಜೊತೆ ಉಳಿಯಲಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ, ಬಂಡೆಗಳ ಮರೆಯಲ್ಲಿ ಫೋನಿಗೆ ಸಿಗ್ನಲ್ ಸಿಗದಿರಬಹುದು. ಅಂಥವರ ದಿನವನ್ನು ಬೇರೆ ರೀತಿ ಹೊಂದಿಸುವುದೂ ಸಾಧ್ಯ. ಬರುವಾಗ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿ, ಇಲ್ಲವೇ ಚಿಕ್ಕಬಳ್ಳಾಪುರದ ಹತ್ತಿರದ ರಂಗಸ್ಥಳದ ರಂಗನಾಥನ ಗುಡಿ ನೋಡಿಕೊಂಡು, ಬಿಸಿಲು ಇಳಿದ ಮೇಲೆ ನೇರ ಬೈರಸಾಗರದ ಏರಿಗೆ ಬನ್ನಿ. ಅಲ್ಲಿ ಹತ್ತುವ ಕೆಲಸವಿಲ್ಲ. ಒಂದು ಮಡಿಸುವ ಕುರ್ಚಿ ಕಾರಿನಲ್ಲಿದ್ದರೆ ಹಿರಿಯರು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಕತ್ತಲಾದ ಮೇಲೆ ಏರಿಯ ಮೇಲೆ ಬೆಳಕಿರುವುದಿಲ್ಲವಾದ್ದರಿಂದ ಆರೂವರೆಗೆ ಅವರನ್ನು ಗಾಡಿ ಹತ್ತಿಸಿ.